ನನ್ನ ಕುತ್ತಿಗೆಯ ಅಳತೆ

ಹೊನ್ನೆಮರಡಿನ ಹಿನ್ನೀರಿನಲ್ಲಿ ಮುಳುಗಿ, ತಳದಲ್ಲಿ ಸಿಕ್ಕಿಕೊಂಡ ಪಂಪಿನ ಪೈಪುಗಳನ್ನು ಬಿಡಿಸಿಕೊಡುವುದು ನನ್ನ ಕೆಲಸ. ಆವತ್ತು ನೀರಿಗಿಳಿದ ಕೂಡಲೇ, ಮೈ ಒದ್ದೆಯಾಗದಂತೆ ತೊಡುವ ಡ್ರೈಸೂಟಿನ ಕೊರಳಿನಿಂದ ತಣ್ಣೀರು ಬೆನ್ನಿಗೆ ಇಳಿಯಿತು. ಮೇಲೆ ಬಂದು ನೋಡಿದರೆ, ನೀರು ಒಳಬರದಂತೆ ಕುತ್ತಿಗೆಯನ್ನು ಬಿಗಿಹಿಡಿಯುವ ರಬ್ಬರ್ ಪಟ್ಟಿ ಅಂಟಂಟಾಗಿ ಹರಿದಿತ್ತು. ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆ!

ಹಿಂದಿನ ತಿಂಗಳು ತಮ್ಮ ತೋಟದ ಪಂಪಿನ ಪೈಪು ಬಿಡಿಸಲೆಂದು ಸೂಟನ್ನು ಕೇಳಿ ಒಯ್ದಿದ್ದವರು ಅಕ್ಕನ ಗಂಡ. ಫೋನ್ ಮಾಡಿದರೆ ಭಾವ ನಕ್ಕರು. "ಹಲಸಿನಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಕೊಳಲ್ವೇನೇ? ರಬ್ಬರೂ ಮೇಣಾನೇ ತಾನೇ?" ಎಣ್ಣೆ ರಬ್ಬರನ್ನು ತಿಂದುಹಾಕುತ್ತದೆ ಎಂದೆ. ತಪ್ಪಾಯಿತು ಅನ್ನುವುದಿರಲಿ, ಅದನ್ನೂ ಊರಿಗೆಲ್ಲ ಹೇಳಿಕೊಂಡು ನಗಾಡಿದರು.

ಹೊಸ ಪಟ್ಟಿ ತರಿಸಿ ಸಾಗರ ಪೇಟೆಯ ನನ್ನ ಮನೆಯಲ್ಲೇ ರಿಪೇರಿಗೆ ಕೂತೆ. ಹಳೆಯದನ್ನು ಕಿತ್ತು, ಸೂಟಿನ ಕೊರಳಿಗೆ ಸ್ಟೀಲ್ ಪಾತ್ರೆ ತೂರಿಸಿ, ಅಂಟು ಬಳಿದು ಹೊಸದನ್ನು ಕೂರಿಸಿದೆ. ಆಮೇಲೆ ಕತ್ತರಿ ಕೆಲಸ. ಪಟ್ಟಿ ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ, ಅಂಚನ್ನು ಕತ್ತರಿಸಿದಷ್ಟೂ ಅದರ ಬಾಯಿ ಅಗಲವಾಗುತ್ತದೆ. ಹಿಂದಿನ ಸಲ ಭಾವನಿಗೂ ಆಗಲಿ ಎಂದು ಒಂದು ಸುತ್ತು ಹೆಚ್ಚಿಗೆ ಕತ್ತರಿಸಿದ್ದವಳು ನಾನೇ. ಈ ಸಲ ನನ್ನ ಸಪೂರ ಕುತ್ತಿಗೆಗೆ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಿದೆ.

ಭಾವ ಮತ್ತೆ ಸೂಟು ಕೇಳಿಕೊಂಡು ಬಂದರು. ನಗುನಗುತ್ತಲೇ ಕೊಟ್ಟೆ. "ಇಲ್ಲೇ ಒಂದ್ಸಲ ಹಾಕ್ಕೊಂಡು ನೋಡಿ ಭಾವ" ಎಂದೆ. ತಲೆ ಅರ್ಧ ತೂರಿ ಅಲ್ಲೇ ಸಿಕ್ಕಿಬಿತ್ತು.

"ಸ್ವಲ್ಪ ಎಣ್ಣೆ ಕೊಡೇ ಮಾರಾಯ್ತಿ!" ಎಂದು ಸೂಟಿನೊಳಗಿಂದ ಕೂಗಿದರು.

ಈ ರಬ್ಬರಿಗೆ ಹಚ್ಚಬೇಕಾದದ್ದು ಟಾಲ್ಕಂ ಪೌಡರು. ಡಬ್ಬಿ ನನ್ನ ಪಕ್ಕದಲ್ಲೇ ಇತ್ತು. ಕಾಫಿ ಕುಡಿದು ಮುಗಿಸುವವರೆಗೂ ನಾನು ಅದರ ಮುಚ್ಚಳ ತೆಗೆಯಲಿಲ್ಲ.