ಬಾಗೇವಾಡಿಯಲ್ಲಿ ತುಂಬಿದ ಉಡಿ

ನಮ್ಮ ಬೀಗತಿ ಫೋನಿನಲ್ಲಿ ಬಹಳ ಮೆತ್ತಗೆ ಮಾತಾಡುತ್ತಾರೆ. ಅವರು ಮೆತ್ತಗಾದಷ್ಟೂ ನನಗೆ ಅನುಮಾನ ಹೆಚ್ಚು. ಕಳೆದ ವರ್ಷ ಮಗಳಿಗೆ ಏಳನೆಯ ತಿಂಗಳ ಕುಬಸ ಗೊತ್ತುಮಾಡಿದಾಗಲೂ ಹಾಗೆಯೇ ಆಯಿತು. ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಹಸಿರು ಸೀರೆ ಉಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ಕುಪ್ಪಸದ ಖಣ ಇಟ್ಟು ಉಡಿ ತುಂಬುವ ಕಾರ್ಯ ಅದು. ತವರಿನ ಉಡಿ ಮೊದಲು. ಅದನ್ನು ತುಂಬಬೇಕಾದವಳು ಹಡೆದವ್ವ.

“ಸೀರಿ, ಖಣ ಎಲ್ಲಾ ನೀವ ತರ್ರಿ ಅಕ್ಕಾರ. ಉಡಿ ಮಾತ್ರ ನಮ್ಮ ನೆಗೆಣ್ಣಿ ತುಂಬ್ತಾಳ. ನೀವು ಅಡಗಿಮನಿ ಕಡೆ ನೋಡ್ಕೊಂಡ್ರ ಸಾಕು. ನಿಮಗ ಗೊತ್ತೈತೆಲ್ರಿ,” ಎಂದರು ಬೀಗತಿ.

ಗೊತ್ತಿತ್ತು. ನಮ್ಮ ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಆಗಿನಿಂದ ನಮ್ಮೂರು ತಾಂಬಾದ ನಿಂಬೆ ತೋಟ ನೋಡಿಕೊಂಡವಳು ನಾನು. ಇಂಡಿ ಪೇಟೆಯ ದಲಾಲರ ಜೊತೆ ಜಗಳವಾಡಿದವಳು ನಾನು, ಮಗಳ ಮದುವೆ ಮಾಡಿದವಳೂ ನಾನೇ. ನಿಂಬೆ ಮಾರಿ ಮಾರಿ ನನ್ನ ನಾಲಿಗೆಯೂ ಹುಳಿಯಾಗಿದೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಇಷ್ಟೆಲ್ಲ ಮಾಡಿದ ಕೈ ಮಗಳ ಸೆರಗಿಗೆ ಐದು ಬೊಗಸೆ ಅಕ್ಕಿ ಹಾಕಲು ಮಾತ್ರ ಬರುವುದಿಲ್ಲವಂತೆ! ಸಿಟ್ಟು ನೆತ್ತಿಗೇರಿತು. ಆದರೆ ಬಸುರಿ ಮಗಳು ಅವರ ಮನೆಯಲ್ಲಿದ್ದಳು. “ಹೂಂ” ಎಂದು ಫೋನ್ ಇಟ್ಟೆ.

ಕುಬಸದ ಹಿಂದಿನ ದಿನ ಬೀಗತಿ ಮಗಳನ್ನು ಕರೆದುಕೊಂಡು ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಬರುವವರಿದ್ದರು. ಮೇಲು ಕೀಳು ಇಲ್ಲ, ಮೈಲಿಗೆ ಇಲ್ಲ ಎಂದು ಎಂಟುನೂರು ವರ್ಷಗಳ ಹಿಂದೆ ಸಾರಿದ ಶರಣ ಹುಟ್ಟಿದ ಊರದು. ನಮ್ಮ ಕಡೆ ಎಲ್ಲರ ಬಾಯಲ್ಲೂ ಆತ ಬರೀ ಅಣ್ಣ. ಅಣ್ಣ ಹುಟ್ಟಿದ ಜಾಗಕ್ಕೆ ಬಸುರಿ ಹಣೆ ಹಚ್ಚಿದರೆ ಕೂಸು ಜಾಣ, ಶಾಣ್ಯಾ ಆಗುತ್ತದೆ ಎಂದು ಬೀಗತಿಯ ನಂಬಿಕೆ. ನನಗೂ ಅಲ್ಲಿಗೇ ಬರಲು ಹೇಳಿದ್ದರು. ಸಿಂದಗಿಯಲ್ಲಿ ಬಸ್ಸು ಬದಲಿಸಿ ಹೋದೆ. ಉಡಿಯ ಸಾಮಾನೆಲ್ಲ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು.

ಮೂವರೂ ಸ್ಮಾರಕದ ಒಳಗೆ ಹೋಗಿ ಹಣೆ ಹಚ್ಚಿ ಹೊರಗೆ ಬಂದು ನೆರಳಲ್ಲಿ ಕೂತೆವು. ಬೀಗತಿ ಸೊಸೆಗೆ ಅಣ್ಣನ ಕಥೆ ಹೇಳತೊಡಗಿದರು.

“ಎಂಟು ವರ್ಷದ ಕೂಸವಾ. ಜನಿವಾರ ಹಾಕ್ತೇವಿ ಅಂದ್ರ, ನಮ್ಮಕ್ಕಗ ಯಾಕಿಲ್ಲ ಅಂತ ಕೇಳಿತು. ಹೆಣ್ಮಕ್ಕಳಿಗೆ ಇಲ್ಲ ಅಂದ್ರು. ಹಂಗಾರ ನನಗೂ ಬ್ಯಾಡ ಅಂತ ಮನಿ ಬಿಟ್ಟು ಹೊಂಟಿತು ನೋಡು.”

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿ ಬಂದವು. ನಾಟಕವಲ್ಲ, ನಿಜವಾದ ಕಣ್ಣೀರು. ಅದನ್ನು ನೋಡಿಯೇ ನನಗೆ ತಡೆಯಲಾಗಲಿಲ್ಲ. ಆ ಕೂಸು ಮನೆ ಬಿಟ್ಟದ್ದು ನಾವು ಇಲ್ಲಿ ಬಂದು ಮೂಗು ಒರೆಸಿಕೊಳ್ಳಲಿ ಎಂದೇನು? ಚೀಲದ ಬಾಯಿ ಬಿಚ್ಚಿ ಮಗಳ ಮುಂದೆ ನಿಂತೆ.

“ಏಳು, ಸೆರಗು ಹಿಡಿ.”

ಮಗಳು ಎದ್ದಳು, ಆದರೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹಿಂದೆ ಸರಿದಳು. “ಬ್ಯಾಡ ಯವ್ವಾ, ಕೂಸಿಗೆ ಏನರೆ ಆದ್ರ?”

ಬೀಗತಿಯ ಮಾತನ್ನು ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. “ನಿನ್ನ ಹಡದಾಕಿ ನಾ. ನನ್ನ ಕೈಯಿಂದ ನಿನ್ನ ಕೂಸಿಗೆ ಏನಾಕ್ಕೈತಿ?” ಎಂದು ಕೂಗಿಯೇ ಬಿಟ್ಟೆ. ದರ್ಶನಕ್ಕೆ ಬಂದಿದ್ದ ಜನ ತಿರುಗಿ ನೋಡಿದರು.

“ಅಕ್ಕಾರ, ಮಂದಿ ನೋಡಾಕತ್ತಾರ್ರಿ,” ಎಂದು ಬೀಗತಿ ನನ್ನ ಕೈ ಹಿಡಿದರು. “ಇದೇನು ನಾ ಮಾಡಿದ ರಿವಾಜೇನ್ರಿ? ನನ್ನ ಕುಬಸಕ್ಕೂ ನಮ್ಮವ್ವ ಅಡಗಿಮನ್ಯಾಗ ಕುಂತಿದ್ಲು.”

“ಅವತ್ತು ನಿಮಗ ಹ್ಯಾಂಗಾಗಿತ್ರಿ?”

“ಹೋಳಿಗಿ ಗಂಟಲದಾಗ ಇಳೀಲಿಲ್ರಿ,” ಎಂದರು.

“ಹಂಗಾರ ನಾಳೆ ನನ್ನ ಮಗಳಿಗೂ ಇಳೀಬಾರ್ದೇನ್ರಿ?”

ಅವರು ನನ್ನ ಕೈ ಬಿಟ್ಟರು. ಮಗಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಸೆರಗು ಚಾಚಿದಳು. ನಾನು ಗಟ್ಟಿಯಾಗಿ ಎಣಿಸುತ್ತ ಐದು ಬೊಗಸೆ ಅಕ್ಕಿ ಹಾಕಿದೆ. ಅವಸರದಲ್ಲಿ ಅರ್ಧ ಬೊಗಸೆ ನೆಲದ ಪಾಲಾಯಿತು. ಕೊಬ್ಬರಿ, ಖಣ ಇಟ್ಟು, ಅವಳ ಹಣೆಗೆ ಕುಂಕುಮ ಹಚ್ಚಿ, ಭರಣಿಯ ಮುಚ್ಚಳ ಹಾಕಲು ಹೋದೆ.

ಉಡಿ ತುಂಬಿದವಳಿಗೆ ತುಂಬಿಸಿಕೊಂಡವಳು ತಿರುಗಿ ಕುಂಕುಮ ಹಚ್ಚುವುದು ನಮ್ಮಲ್ಲಿ ಪದ್ಧತಿ. ಅದು ನನಗೆ ಮರೆತೇ ಹೋಗಿತ್ತು. ಮಗಳು ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡೇ ಇನ್ನೊಂದರಿಂದ ಕುಂಕುಮ ತೆಗೆದು ನನ್ನ ವಿಭೂತಿಯ ಕೆಳಗೆ ಹಚ್ಚಲು ಬಂದಳು.

“ಬ್ಯಾಡ,” ಎಂದು ಅವಳ ಮಣಿಕಟ್ಟು ಹಿಡಿದೆ. ಇಷ್ಟು ಹೊತ್ತು ಹಾರಾಡಿದ ನನ್ನ ಬಾಯಲ್ಲೇ ಆ ಮಾತು ಬಂತು. ನನಗೆ ನಾಚಿಕೆಯಾಯಿತು.

“ಈಗ ನಿನಗ್ಯಾಕ ಅಂಜಿಕಿ?” ಎಂದು ಮಗಳು ಕೈ ಬಿಡಿಸಿಕೊಂಡು ಕುಂಕುಮ ಹಚ್ಚಿಯೇ ಬಿಟ್ಟಳು. “ನಾಳೆ ಇದನ್ನ ಒರಿಸ್ಕೊಂಡು ಬಂದಿ ಅಂದ್ರ ನಾ ಮಣಿ ಮ್ಯಾಲ ಕುಂದ್ರಂಗಿಲ್ಲ, ತಿಳೀತಿಲ್ಲೋ?”

ಒರೆಸಿಕೊಳ್ಳಲಿಲ್ಲ. ಮರುದಿನ ಮುದ್ದೇಬಿಹಾಳದಲ್ಲಿ, ನೆರೆದ ಹೆಂಗಸರೆಲ್ಲ ನನ್ನ ಹಣೆಯನ್ನೇ ನೋಡುತ್ತಿರುವಾಗ, ಮಗಳ ಉಡಿಗೆ ಮೊದಲ ಬೊಗಸೆ ಹಾಕಿದವಳು ನಾನು.