ಕಮಾಂಡರನ ಎಡಭುಜ

ಪರ್ತಿನ ಥಾರ್ನ್ಲಿ ಬಡಾವಣೆಯ ಎಕ್ಸ್‌ರೇ ಡಾಕ್ಟರ್ ಮಹಾಬಲೇಶ್ವರ ಅಡಿಲೇಡಿನಲ್ಲಿ ಆರು ವರ್ಷ, ಪರ್ತಿನಲ್ಲಿ ಎಂಟು ವರ್ಷ ಸೇರಿಸಿ ಒಂದೂವರೆ ಕೋಟಿ ಮೂಳೆ ನೋಡಿದ್ದ. ಒಂದೂ ಹೆಸರುವಾಸಿ ಮೂಳೆಯಲ್ಲ. ಅದೇ ಊರಿನ ಗೆಳೆಯ, ಸರ್ಜನ್ ರಾಜಗೋಪಾಲನಿಗೆ ಮಾತ್ರ ಅಂಥದೊಂದು ಸಿಕ್ಕಿತ್ತು: ಎಪ್ಪತ್ತಾರನೇ ಇಸವಿಯಲ್ಲಿ ಬೈರೂತಿನ ಆಸ್ಪತ್ರೆಯಲ್ಲಿದ್ದಾಗ ಅವನು ಪ್ಯಾಲೆಸ್ಟೀನಿನ ಕಮಾಂಡರ್ ಒಬ್ಬನ ಎಡಭುಜದಿಂದ ಗುಂಡು ತೆಗೆದಿದ್ದ.

ಕನ್ನಡದವರು ಎಲ್ಲಿ ಸೇರಲಿ, ಅದೇ ಕಥೆ. ಬ್ರಿಸ್ಬೇನಿನ ಸೇಂಟ್ ಲೂಸಿಯಾದಿಂದ ಟ್ರಂಕ್ ಕಾಲ್ ಮಾಡಿ ಕೇಳುವವರೂ ಇದ್ದರು.

"ನಿರಾಶ್ರಿತರ ಶಿಬಿರದಲ್ಲಿ ಬೆಳೆದೋನು, ಮೊದಲು ಗಣಿತದ ಮೇಷ್ಟ್ರು," ಎನ್ನುತ್ತಿದ್ದ ರಾಜಗೋಪಾಲ. "ಆಮೇಲೆ ಬಂದೂಕು ಹಿಡಿದ. ಎಷ್ಟು ಜನರನ್ನ ಕೊಂದಿದ್ನೋ ಗೊತ್ತಿಲ್ಲ. ಟೇಬಲ್ ಮೇಲೆ ಮಾತ್ರ ಅಮ್ಮನ್ನ ಕರೀತಿದ್ದ."

ಮಹಾಬಲೇಶ್ವರನ ಹೆಂಡತಿ ಕಮಲಾ ಬಿಸಿಬೇಳೆಬಾತಿನ ಸೌಟು ಹಿಡಿದು ಹಾಗೇ ನಿಂತುಬಿಡುತ್ತಿದ್ದಳು, ಕಣ್ಣಲ್ಲಿ ನೀರು. ಗಂಡನ ಹೊಟ್ಟೆಯೊಳಗಿನ ಉರಿಯ ಮೇಲೆ ಬಾರ್ಬೆಕ್ಯೂ ಜಾಲರಿ ಇಟ್ಟಿದ್ದರೆ ಪರ್ತಿನ ಅರ್ಧ ಕುರಿಗಳು ಬೆಂದಿರುತ್ತಿದ್ದವು.

ಎಂಬತ್ತಮೂರರಲ್ಲಿ ಪೇಪರಿನಲ್ಲಿ ಬಂತು: ಕಾರ್ ಬಾಂಬಿಗೆ ಆ ಕಮಾಂಡರ್ ಸತ್ತ. ಅಂತೂ ಕಥೆ ಮುಗಿಯಿತೆಂದು ಮಹಾಬಲೇಶ್ವರ ಆ ದಿನ ಎರಡು ದೋಸೆ ಜಾಸ್ತಿ ತಿಂದ. ಆದರೆ ಭಾನುವಾರ ಸದರ್ನ್ ರಿವರ್ ಬಡಾವಣೆಯ ತನ್ನ ಮನೆಗೆ ಎಲ್ಲರನ್ನೂ ಕರೆದ ರಾಜಗೋಪಾಲ, ಏಳು ವರ್ಷ ಜೋಪಾನ ಮಾಡಿದ್ದ ಆ ಭುಜದ ಎಕ್ಸ್‌ರೇ ಫಿಲ್ಮನ್ನೇ ಹೊರತೆಗೆದ.

ಮಹಾಬಲೇಶ್ವರ ಫಿಲ್ಮ್ ಕಿತ್ತುಕೊಂಡು ಕಿಟಕಿಗೆ ಹಿಡಿದ. "ಎಡಭುಜವಂತೆ! ಇದು ಬಲಭುಜ ಕಣ್ರಯ್ಯಾ! ಯಾವನದೋ ಫಿಲ್ಮ್ ತಂದು ಏಳು ವರ್ಷ ನಮ್ಮನ್ನ ಅಳಿಸಿದಾನೆ!"

ರಾಜಗೋಪಾಲ ಮೆಲ್ಲಗೆ ಬಂದು, ಅವನ ಕೈಯಲ್ಲೇ ಫಿಲ್ಮನ್ನು ಮಗುಚಿದ. ಮೂಲೆಯಲ್ಲಿ ತಿರುಗುಮುರುಗಾಗಿದ್ದ, ಎಡ ಎಂದು ಸೂಚಿಸುವ 'ಎಲ್' ಅಕ್ಷರ ನೆಟ್ಟಗಾಯಿತು.

"ನೀನು ಹಿಂದುಮುಂದಾಗಿ ಹಿಡಿದಿದ್ದೆ, ಮಹಾಬಲ," ಎಂದ, ಅಷ್ಟೇ.

ಆಸ್ಪತ್ರೆಗೆ ಸೇರಿದ ಮೊದಲ ದಿನದ ಹುಡುಗರೂ ಮಾಡದ ತಪ್ಪು. ಮನೆಗೆ ವಾಪಸ್ ಹೋಗುವಾಗ ಕಾರಿನಲ್ಲಿ ಕಮಲಾ ಕೇಳಿದಳು.

"ಸತ್ತೋನ ಮೇಲೂ ಹೊಟ್ಟೆಕಿಚ್ಚೇನ್ರೀ?"

"ಅವನ ಮೇಲಲ್ಲ ಕಣೆ. ಅವನ ಕಥೆಗೆ ಅಳ್ತೀಯಲ್ಲ, ನನ್ನ ಯಾವ ಕೇಸಿಗೆ ಅತ್ತಿದೀಯ?"

"ಅಳೋದಿರ್ಲಿ, ಹೇಳಿದೀರಾ? 'ಫ್ರಾಕ್ಚರ್' ಅಂತೀರ, ಮಲಗ್ತೀರ. ಈಗ ಹೇಳಿ, ಕೇಳ್ತೀನಿ."

ಮಹಾಬಲೇಶ್ವರ ಉಬ್ಬಿಹೋದ. "ನಿನ್ನೆ ಒಬ್ಬ ಮುದುಕ ಬಂದಿದ್ದ. ಸೂರಿಂದ ಬಿದ್ದು ಪಕ್ಕೆಲುಬು ನಾಲ್ಕು ಚೂರು..."

"ಅಯ್ಯೋ ಪಾಪ. ಯಾಕ್ರೀ ಹತ್ತಿದ್ದ, ಆ ವಯಸ್ಸಲ್ಲಿ?"

ಮಹಾಬಲೇಶ್ವರ ಗೇರ್ ಬದಲಿಸಿದ. ಮುದುಕನನ್ನು ಅವನು ಅದೊಂದು ಮಾತು ಕೇಳಿರಲಿಲ್ಲ.