ಗೋಡೆಯ ಕಡೆ ತಿರುಗಿದ ಗುಡಾಣ

ವಸ್ತುಸಂಗ್ರಹಾಲಯದಲ್ಲಿ ಅವರನ್ನು ಎಲ್ಲರೂ ಅಂಟುಮಾವ ಎಂದೇ ಕರೆಯುತ್ತಿದ್ದರು. ಅರಸರ ಕತ್ತಿ, ಪಲ್ಲಕ್ಕಿ, ಹಳೆಯ ಚಿತ್ರಗಳನ್ನು ನೋಡಲು ಬಂದವರಿಗೆ ಅವರು ಕಾಣಸಿಗುತ್ತಿರಲಿಲ್ಲ. ಹಿಂಬದಿಯ ಕೋಣೆಯಲ್ಲಿ, ಮರಳು ತುಂಬಿದ ತಟ್ಟೆಯ ಮುಂದೆ ಕುಳಿತು, ನೆಲದಿಂದ ಅಗೆದು ತಂದ ಮಡಕೆಯ ಚೂರುಗಳನ್ನು ಒಂದಕ್ಕೊಂದು ಕೂಡಿಸುವುದು ಅವರ ಕೆಲಸ. ಅಂಟು ಒಣಗುವ ತನಕ ಚೂರನ್ನು ಅಲುಗದಂತೆ ಮರಳಿನಲ್ಲಿ ನಿಲ್ಲಿಸಬೇಕು. ಗಡಿಬಿಡಿ ಮಾಡಿದರೆ ಕೆಟ್ಟಿತು.

ಅವರು ಗಡಿಬಿಡಿ ಮಾಡಿದ್ದು ಒಂದೇ ಸಲ. ಮದುವೆಯಾದ ಹೊಸತು, ಬೇಗ ಮನೆ ಸೇರುವ ಆತುರ. ದೊಡ್ಡ ಗುಡಾಣವೊಂದರ ಹೊಟ್ಟೆಯ ಸುತ್ತ ಅಲೆಅಲೆಯಾದ ಕಪ್ಪು ಗೆರೆಗಳಿದ್ದವು. ಅಂಚು ಸವೆದ, ಅಂಗೈಯಗಲದ ಒಂದು ಚೂರನ್ನು ತಲೆಕೆಳಗಾಗಿ ಕೂಡಿಸಿ, ಸಂದಿಗೆ ಪ್ಲಾಸ್ಟರ್ ಮೆತ್ತಿಬಿಟ್ಟರು. ಮರುದಿನ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಅಧಿಕಾರಿಗಳು ಬೆನ್ನು ತಟ್ಟಿ, ಫೋಟೋ ತೆಗೆಸಿ ಆಗಿತ್ತು. ಅಂಟುಮಾವ ಬಾಯಿ ಬಿಡಲಿಲ್ಲ. ಆ ಭಾಗವನ್ನು ಗೋಡೆಯ ಕಡೆ ತಿರುಗಿಸಿಟ್ಟರು. ಧೂಳು ಒರೆಸುವವರು ಅತ್ತಿತ್ತ ಸರಿಸಿದಾಗಲೆಲ್ಲ ಸದ್ದಿಲ್ಲದೆ ಹೋಗಿ ಮತ್ತೆ ತಿರುಗಿಸುವರು. ಹೀಗೆಯೇ ಮೂವತ್ತೊಂದು ವರ್ಷ ಕಳೆಯಿತು.

ನಿವೃತ್ತಿಗೆ ಹನ್ನೆರಡು ದಿನ ಉಳಿದಿದ್ದಾಗ ಹೊಸ ಅಧಿಕಾರಿ, ಮಗಳ ವಯಸ್ಸಿನವಳು, ನಗುತ್ತ ಬಂದಳು.

"ಮಾವ, ನಿಮ್ಮ ಗುಡಾಣಾನ ಹಾಲ್ ಮಧ್ಯೆ ಗಾಜಿನ ಪೆಟ್ಟಿಗೇಲಿ ಇಡ್ತೀವಿ. ಜನ ಸುತ್ತಲೂ ತಿರುಗಿ ನೋಡ್ಲಿ!"

ಆ ಸಂಜೆ ಅಂಟುಮಾವ ಅಂಟಿನ ಡಬ್ಬಿಯ ಮುಚ್ಚಳವನ್ನೂ ಹಾಕದೆ ಮನೆಗೆ ಹೊರಟರು.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

"ಪಾಪ, ಮೂವತ್ತೊಂದು ವರ್ಷ ಅದನ್ನ ಗೋಡೆಗೆ ಮುಖ ಮಾಡಿ ನಿಲ್ಸಿದೀರಾ? ನಮ್ಮ ಶಾಲೆ ಮೇಷ್ಟ್ರೂ ಇಷ್ಟು ಕಟುಕರಲ್ಲ ಬಿಡಿ!"

"ನಗಬೇಡ ಕಣೇ. ಹೇಳಿದ್ರೆ ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತೆ."

"ಮಣ್ಣಲ್ಲೇ ಅಲ್ವಾ ನಿಮ್ಮ ಕೆಲಸ? ಹೋಗಿ, ನಾಳೇನೇ ಹೇಳ್ಬಿಡಿ."

ಹೇಳಿದರು. ಅಧಿಕಾರಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಮುಖ ಗಂಟಾಯಿತು.

"ಮೊದಲೇ ಹೇಳ್ಬಾರ್ದಿತ್ತಾ ಮಾವ? ಆ ಫೋಟೋ ನೋಡಿ ಎಷ್ಟು ಜನ ಏನೇನು ಬರೆದಿದ್ದಾರೋ!"

"ತಪ್ಪಾಯ್ತಮ್ಮ. ನಾನು ಇರೋವಾಗ್ಲೇ ಬಿಚ್ಚಿ ಕೂಡಿಸೋಕೆ ಬಿಡಿ."

"ಒಡೆದು ಹೋದ್ರೆ?"

"ನನ್ನ ಅಂಟಿನ ಗುಣ ನನಗೆ ಗೊತ್ತು."

ಅವಳು ಯೋಚಿಸಿದಳು. ತಪ್ಪನ್ನು ದಾಖಲೆಯಲ್ಲಿ ಬರೆಸಿ, ಅವರಿಂದಲೇ ಸಹಿ ಹಾಕಿಸಿ, ಒಪ್ಪಿಗೆ ಕೊಟ್ಟಳು. ಪ್ಲಾಸ್ಟರ್ ಕೆರೆದು ತೆಗೆದು, ಅಂಟು ಕರಗಿಸುವ ದ್ರವದಲ್ಲಿ ಅದ್ದಿದ ಹತ್ತಿಯನ್ನು ಸಂದಿಗಿಟ್ಟು ಅಂಟುಮಾವ ಮೂರು ದಿನ ಕಾದರು. ನಾಲ್ಕನೆಯ ದಿನ ಚೂರು ಕಳಿತ ಹಣ್ಣಿನಂತೆ ಕಳಚಿ ಅಂಗೈಗೆ ಬಂತು. ತಿರುಗಿಸಿ ಹಿಡಿದರು, ಕಡಿದುಹೋಗಿದ್ದ ಅಲೆಗಳು ಅಕ್ಕಪಕ್ಕದ ಗೆರೆಗಳೊಡನೆ ಕೂಡಿಕೊಂಡವು.

ಗಾಜಿನ ಪೆಟ್ಟಿಗೆ ಸಿದ್ಧವಾದ ದಿನ ಹೆಂಡತಿಯೂ ಬಂದಳು. ಎರಡು ಸುತ್ತು ಹಾಕಿದಳು, ಕನ್ನಡಕ ಒರೆಸಿಕೊಂಡು ಮೂರನೆಯ ಸುತ್ತಿಗೆ ಹೊರಟಳು.

"ಯಾವುದ್ರೀ ಆ ಚೂರು?"

"ಹುಡುಕು ನೋಡೋಣ," ಎಂದು ಅಂಟುಮಾವ ಬೆಂಚಿನ ಮೇಲೆ ಕಾಲು ಚಾಚಿ ಕುಳಿತರು.